ಮಳೆಗೆ ಕೂತ ವರ್ಷ

ಹೋದ ತಿಂಗಳು ನಮ್ಮ ಕಂಪನಿಯವರು ನಮ್ಮನ್ನೆಲ್ಲ ಕ್ಯಾಂಟೀನಿನಲ್ಲಿ ಕೂರಿಸಿ ಒಂದೊಂದು ಕಾಗದ ಕೊಟ್ಟರು. ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ. ‘ನಾನು ನನ್ನ ಕೆಲಸದಲ್ಲಿ ಸದಾ ಪ್ರಾಮಾಣಿಕನಾಗಿರುತ್ತೇನೆ’ ಎಂದು ಶುರುವಾಗಿ ಒಂದು ಪುಟ ತುಂಬ ಕಲಮುಗಳು, ಕೊನೆಗೆ ಸಹಿ. ಮೂರು ಪ್ರತಿ. ಒಂದು ಇಲ್ಲಿಯ ಆಫೀಸಿಗೆ, ಒಂದು ಮುಂಬೈ ಆಫೀಸಿಗೆ, ಒಂದು ನಮಗೆ; ಪ್ರಾಮಾಣಿಕರಾಗಿರುವುದು ಮರೆತುಹೋದರೆ ತೆಗೆದು ನೋಡಿಕೊಳ್ಳಲಿಕ್ಕೆ. ಪಕ್ಕದಲ್ಲಿ ಕೂತ ಲೇಥ್ ಮಶೀನಿನ ಗೆಳೆಯ ಆಕಳಿಸಿ, “ಲೇ ಶಿವ್ಯಾ, ಹಾಜರಿ ಪುಸ್ತಕದಾಗ ನಂದೂ ಸಹಿ ನೀನ ಮಾಡ್ತಿ. ಇದನ್ನೂ ಮಾಡಿಬಿಡ, ನನ್ನ ಕೈ ಎಣ್ಣಿ ಆಗ್ಯಾವ” ಅಂದ. ಮಾಡಿದೆ. ಇಡೀ ಬೆಳಗಾವಿಯಲ್ಲಿ ಅವನ ಸಹಿಯನ್ನು ಅವನಿಗಿಂತ ಚೆನ್ನಾಗಿ ಮಾಡುವವನು ನಾನೊಬ್ಬನೇ.

ಅದೇ ವಾರ ಕ್ಯಾಂಟೀನಿನ ಒಂದು ಮೂಲೆಗೆ ಹೊಸ ಹಂಚು ಹೊದಿಸಿದ್ದರು. ನಾವು ಸಹಿ ಮಾಡುತ್ತಿರುವಾಗಲೇ ಮಳೆ ಬಂತು. ಹೊಸ ಹಂಚು ಮೊದಲ ಸಲ ನೀರು ಕುಡಿಯುವಾಗ ಒಂದು ವಾಸನೆ ಬರುತ್ತದೆ. ಸುಟ್ಟ ಮಣ್ಣು, ಸ್ವಲ್ಪ ಹೊಗೆ, ಸ್ವಲ್ಪ ಹಸಿ ಗೋಡೆ ಕೂಡಿದ ವಾಸನೆ. ಮಂದಿ ಮೂಗು ಅರಳಿಸಿ “ಆಹಾ” ಅಂದರು. ನನಗೆ ಬೆನ್ನು ನೋಯತೊಡಗಿತು. ಖಾನಾಪುರದ ಆ ಮಳೆಗಾಲ ನೆನಪಾದರೆ ನನಗೆ ಮೊದಲು ನೆನಪಾಗುವುದು ಬೆನ್ನು. ಮನಸ್ಸಿನ ಸರದಿ ಆಮೇಲೆ.

ಎಂಬತ್ತರ ದಶಕ ಆಗ ಎರಡು ಮೂರು ವರ್ಷದ ಕೂಸು. ಬಿ.ಕಾಂ. ಎಂಬ ಕೋಟೆಯನ್ನು ನಾನು ಮೂರನೇ ದಾಳಿಯಲ್ಲಿ ಗೆದ್ದಿದ್ದೆ. ಶಹಾಪುರದ ನಮ್ಮ ಮನೆಯಲ್ಲಿ ಅಪ್ಪ ನನ್ನ ಮುಖ ನೋಡಿ ನೋಡಿ ಸಾಕಾಗಿ, ಯಾರದೋ ಪರಿಚಯ ಹಿಡಿದು ಬಸಲಿಂಗಪ್ಪ ಸಾವಕಾರರ ಬಳಿಗೆ ಕಳಿಸಿದರು. ಸಾವಕಾರರದು ಹಂಚಿನ ಕಾರ್ಖಾನೆ. ಭಟ್ಟಿ ಖಾನಾಪುರದಲ್ಲಿ, ಹೊಳೆಯ ಮಣ್ಣು ಕೈಗೆ ಸಿಗುವಲ್ಲಿ. ಆಫೀಸು ಮಾತ್ರ ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ, ಒಂದು ಹಳೇ ಬಂಗಲೆಯ ಮುಂದಿನ ಎರಡು ಕೋಣೆಗಳಲ್ಲಿ. ಹಣೆ ತುಂಬ ವಿಭೂತಿ, ಮೂಗಿನ ತುದಿಗೆ ಕನ್ನಡಕ, ಸಾವಕಾರರು ನನ್ನ ಮಾರ್ಕ್ಸ್ ಕಾರ್ಡನ್ನು ನೋಡಲೇ ಇಲ್ಲ. ಅದಕ್ಕೇ ಅವರ ಮೇಲೆ ನನಗೆ ಗೌರವ ಹುಟ್ಟಿತು.

“ಮಳ್ಯಾಗ ಕುಂದ್ರಾಕ ಬರ್ತೈತೇನು?” ಅಂದರು.

ಇದು ನನ್ನ ಗುಣಪರೀಕ್ಷೆ ಅಂದುಕೊಂಡೆ. ಎದೆ ಸೆಟೆಸಿ, “ಜೀವನದಾಗ ಎಂಥಾ ಮಳಿ ಬರ್ಲಿ, ಎಂಥಾ ಗಾಳಿ ಬರ್ಲಿ, ಈ ಶಿವಾನಂದ ಕುಂತಲ್ಲಿಂದ ಅಳ್ಳಾಡಂಗಿಲ್ರೀ” ಎಂದು ಐದು ನಿಮಿಷ ಭಾಷಣ ಮಾಡಿದೆ. ಕಾಲೇಜಿನಲ್ಲಿ ಇದಕ್ಕೆ ಬಹುಮಾನವಾದರೂ ಬರುತ್ತಿತ್ತು.

ಸಾವಕಾರರು ಪೂರಾ ಕೇಳಿಸಿಕೊಂಡು, “ಅದೆಲ್ಲಾ ಇರ್ಲಿ ತಮ್ಮಾ. ನಾ ಕೇಳೂದು ಖರೇ ಮಳಿ. ನೀರು ಬೀಳ್ತೈತಲ್ಲಾ, ಅದು. ಒಂದೂವರಿ ತಾಸು ಬಾಯಿ ಮುಚಗೊಂಡು ಕುಂದ್ರಾಕ ಆಗ್ತೈತೇನು?” ಅಂದರು.

ಮಳೆಯೇನೋ ಸರಿ, ಬಾಯಿಯದೇ ಸಂಶಯವಿತ್ತು. ಆದರೂ “ಆಗ್ತೈತ್ರೀ” ಅಂದೆ.

ಕೆಲಸ ಏನೆಂದು ಖಾನಾಪುರಕ್ಕೆ ಹೋದ ಮೇಲೆ ದಸ್ತಗೀರ ಮಾಮಾ ಹೇಳಿಕೊಟ್ಟರು. ಅವರು ಭಟ್ಟಿಯ ಮಿಸ್ತ್ರಿ. ಅವರ ಮನೆತನ ಆ ಊರಿಗೆ ಬಂದು ಎಷ್ಟು ತಲೆಮಾರಾಯಿತು ಅಂತ ಅವರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಉರ್ದು, ಕಾರ್ಖಾನೆಯಲ್ಲಿ ಕನ್ನಡ, ಗಾಡಿಯವರ ಜೊತೆ ಮರಾಠಿ, ಭಟ್ಟಿಯ ಜೊತೆ ಮೂರೂ. ಸುಟ್ಟು ಹೊರಗೆ ಬಂದ ಪ್ರತಿಯೊಂದು ಹಂಚನ್ನೂ ಕಿವಿಯ ಹತ್ತಿರ ಹಿಡಿದು ಬೆರಳಿನ ಗೆಣ್ಣಿನಿಂದ ಬಡಿಯುವುದು ಅವರ ಕೆಲಸ. ಚೆನ್ನಾಗಿ ಬೆಂದ ಹಂಚು ಕಂಚಿನ ಹಾಗೆ ‘ಠಣ್’ ಅನ್ನುತ್ತದೆ. ಬಿರುಕಿದ್ದರೆ, ಅರೆಬೆಂದಿದ್ದರೆ, ‘ಡಬ್’ ಅಂದು ಸುಮ್ಮನಾಗುತ್ತದೆ. ಡಬ್ ಅಂದದ್ದು ಬಾಜೂಕ, ಠಣ್ ಅಂದದ್ದು ಗಾಡಿಗೆ. ಮೂವತ್ತು ವರ್ಷ ಅವರ ಕಿವಿಯೇ ಆ ಕಾರ್ಖಾನೆಯ ಠಸ್ಸೆ.

ಅದಾದ ಮೇಲೆ ಇನ್ನೊಂದು ಪದ್ಧತಿ ಇತ್ತು. ಸಾವಕಾರರ ತಂದೆ ಶುರು ಮಾಡಿದ್ದಂತೆ. ಬೇಸಿಗೆಯಲ್ಲಿ ಯಾರ ಮನೆಗೆ ಹೊಸ ಹಂಚು ಹೋಯಿತೋ, ಮಳೆಗಾಲದಲ್ಲಿ ಆ ಮನೆಗೆ ಕಾರ್ಖಾನೆಯ ಮನುಷ್ಯ ಹೋಗಿ ಒಂದು ಜೋರು ಮಳೆ ಪೂರ್ತಿ ಆ ಮಾಡಿನ ಕೆಳಗೆ ಕೂರಬೇಕು. ಉದ್ದ ಕೋಲಿನ ತುದಿಗೆ ಸುಣ್ಣದ ಅರಿವೆ ಕಟ್ಟಿಕೊಂಡು, ಹನಿ ಬಿದ್ದ ಹಂಚಿಗೆ ಗುರುತು ಹಾಕಬೇಕು. ಗುರುತು ಬಿದ್ದದ್ದಕ್ಕೆಲ್ಲ ಕಾರ್ಖಾನೆಯಿಂದ ಬೇರೆ ಹಂಚು. ಇದಕ್ಕೆ ‘ಮಳೆಗೆ ಕೂರುವುದು’ ಅನ್ನುತ್ತಿದ್ದರು. ಮಾಮಾನ ಮೊಣಕಾಲು ಕೈಕೊಟ್ಟಿದ್ದರಿಂದ ಆ ವರ್ಷ ಆ ಪಟ್ಟ ನನಗೆ ಬಂತು.

“ಸೋರ್ತೈತೇನು ಅಂತ ಮನಿಯವರನ್ನ ಕೇಳಿದ್ರಾತಲ್ಲ ಮಾಮಾ, ಕುಂದ್ರೂದ್ಯಾಕ?” ಅಂದೆ. ಕೆಲಸ ಶುರುವಾಗುವ ಮೊದಲೇ ಕೆಲಸ ಕಡಿಮೆ ಮಾಡುವ ಬುದ್ಧಿ ನನಗೆ ಹುಟ್ಟಿನಿಂದ ಇದೆ.

“ಕೇಳಿದ್ರ ಏನಂತಾರ? ‘ಏನಿಲ್ರೀ, ಎಲ್ಲಾ ಆರಾಮ ಐತ್ರೀ, ಚಾ ತಗೋರಿ’ ಅಂತಾರ. ಮಂದಿ ಮಾರಿ ನೋಡಿ ಮಾತಾಡ್ತಾರ ಬೇಟಾ. ನೀರು ಮಾರಿ ನೋಡಂಗಿಲ್ಲ.” ಆಮೇಲೆ ದನಿ ಇಳಿಸಿ, “ಇನ್ನೊಂದು ಐತಿ. ಮೇ ತಿಂಗಳದಾಗ ಅಡ್ಡಮಳಿ ಬಂದು ಕಟ್ಟಗಿ ತೊಯ್ದಿದ್ದು. ಆ ಭಟ್ಟಿ ಮ್ಯಾಲ ನನಗ ಸಂಶಯ ಐತಿ. ಬಡದ ನೋಡೇ ಕಳಸೀನಿ. ಆದ್ರ ನನ್ನ ಕಿವಿ ಮೊದಲಿನಂಗ ಅದಾವೋ ಇಲ್ಲೋ, ನನಗ ಹೆಂಗ ಗೊತ್ತಾಗಬೇಕು? ನೀ ನೋಡಿ ಬಂದು ಹೇಳು” ಅಂದರು.

ನಾನು ತಲೆ ಅಲ್ಲಾಡಿಸಿದೆ. ಅಷ್ಟು ದೊಡ್ಡ ಮಾತನ್ನು ಅಷ್ಟು ಹಗುರ ತಲೆಯಲ್ಲಿ ಯಾರೂ ಇಟ್ಟುಕೊಂಡಿರಲಿಕ್ಕಿಲ್ಲ.

ಮೊದಲ ಐದಾರು ಮನೆಗಳಿಗೆ ಖರೇ ಹೋದೆ. ಖಾನಾಪುರ ದಾಟಿ ಜಾಂಬೋಟಿಯ ಕಡೆ ತಿರುಗಿದರೆ ಮಳೆ ಅನ್ನುವುದು ಬೀಳುವ ವಸ್ತುವಲ್ಲ. ಅದು ಅಲ್ಲೇ ನಿಂತಿರುತ್ತದೆ, ನಾವೇ ಅದರೊಳಗೆ ಹೋಗಬೇಕು. ಒಂದೇ ಬಸ್ಸು. ಇಳಿದ ಮೇಲೆ ಗದ್ದೆಯ ಬದುವಿನ ಮೇಲೆ ನಡಿಗೆ. ಮೊದಲ ದಿನವೇ ಬದು ಅಂದುಕೊಂಡು ಗದ್ದೆಗೆ ಕಾಲಿಟ್ಟು ಸೊಂಟದವರೆಗೆ ಇಳಿದೆ. ನಾಟಿ ಮಾಡುತ್ತಿದ್ದ ಹೆಂಗಸರು ನನ್ನ ರಟ್ಟೆ ಹಿಡಿದು ಎಳೆದು, “ಈ ಸಸಿ ಯಾರ ಗದ್ದೀದವಾ?” ಅಂತ ನಕ್ಕರು. ಕಾಲಿಗೆ ಎಷ್ಟು ಜಿಗಣೆ ಹತ್ತಿದ್ದವೆಂದರೆ, ನನ್ನ ರಕ್ತ ಅವಕ್ಕೆ ಸಾಲದೆ ಒಂದೆರಡು ಬೇಸರ ಮಾಡಿಕೊಂಡು ವಾಪಸು ಹೋಗಿರಬೇಕು.

ಆಮೇಲೆ ಕೂರುವ ಕೆಲಸ. ಸುಮ್ಮನೆ ಕೂರುವುದಕ್ಕಿಂತ ದಣಿವಿನ ಕೆಲಸ ಇನ್ನೊಂದಿಲ್ಲ. ಒದ್ದೆ ಕಂಬಳಿ ಹೊದ್ದುಕೊಂಡು ಕತ್ತು ಮೇಲೆತ್ತಿ ಹಂಚು ನೋಡುತ್ತ ಕೂತರೆ ಅರ್ಧ ತಾಸಿಗೆ ಎಲ್ಲ ಹಂಚೂ ಒಂದೇ ಹಂಚಾಗುತ್ತಿತ್ತು. ಒಂದು ಮನೆಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದೆ. ಮೇಲಿನಿಂದ ಹನಿ ಬಿದ್ದರೆ ಬಾಯಿಗೇ ಬೀಳಲಿ, ಎಚ್ಚರವಾಗಲಿ ಅಂತ ಹಾಗೆ ಮಲಗಿದ್ದೆ ಎಂದು ಆ ಮನೆಯ ಯಜಮಾನನಿಗೆ ಸಮಜಾಯಿಷಿ ಕೊಟ್ಟೆ. ಅವನು ಕಾರ್ಖಾನೆಯವರ ಜಾಣತನಕ್ಕೆ ಬೆರಗಾದ. ಆ ಐದಾರು ಮನೆಗಳಲ್ಲಿ ಒಂದೂ ಹನಿ ಬೀಳಲಿಲ್ಲ. ಪ್ರತಿ ಸಲ ವಾಪಸು ಬಂದಾಗಲೂ ಮಾಮಾ ಭಟ್ಟಿಯ ಬಾಯಿಯಿಂದ ಎದ್ದು ಬಂದು, “ಏನಾತು?” ಅಂತ ಕೇಳುತ್ತಿದ್ದರು. “ಒಂದೂ ಸೋರಿಲ್ಲ ಮಾಮಾ.” ಆಗ ಅವರು ತಮ್ಮ ಬಲಗಿವಿಯನ್ನು ಒಮ್ಮೆ ಸವರಿಕೊಳ್ಳುತ್ತಿದ್ದರು, ಎತ್ತಿನ ಮೈ ಸವರಿದ ಹಾಗೆ.

ಏಳನೇ ಮನೆಗೆ ಹೊರಟ ದಿನ ಜ್ವರ. ಖಾನಾಪುರದ ಸ್ಟೇಶನ್ನಿನ ಎದುರಿನ ಹೊಟೆಲ್ಲಿನಲ್ಲಿ ಒಂದು ಚಾ ಕುಡಿದು ಬಸ್ಸು ಹತ್ತಬೇಕೆಂದು ಕೂತೆ. ಬಸ್ಸು ಬಂತು, ಹೋಯಿತು. ನಾನು ಹೋಗಲಿಲ್ಲ. ಹೇಗೂ ಸೋರುವುದಿಲ್ಲ, ಮಾಮಾನ ಕಿವಿ ಇದೆಯಲ್ಲ ಅಂದುಕೊಂಡು ಅಲ್ಲೇ ವರದಿ ಬರೆದೆ. ‘ಮಳೆ ಬಿರುಸು. ಒಂದೂವರೆ ತಾಸು ಕೂತಿದ್ದೆ. ಎಲ್ಲಿಯೂ ಹನಿ ಇಲ್ಲ.’ ಮೂರು ಸಾಲು. ಇದೊಂದು ದಿನ, ಜ್ವರ ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆ. ಮರುದಿನ ಜ್ವರ ಇರಲಿಲ್ಲ. ಹೊಟೆಲ್ಲಿನ ಬೆಂಚು ಇತ್ತು.

ಹಾಗೆ ಹನ್ನೊಂದು ಮನೆ. ಹೋಗದ ಮನೆಗಳ ವರದಿ ಹೋದ ಮನೆಗಳ ವರದಿಗಿಂತ ಎಷ್ಟೋ ಚೆಂದ ಬರತೊಡಗಿತು. ಖರೇ ಹೋದಾಗ ಬರೆಯಲಿಕ್ಕೆ ಬೆನ್ನುನೋವು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಬೆಂಚಿನ ಮೇಲೆ ಕೂತರೆ ಗುಡುಗು, ಮಿಂಚು, ಒಲೆಯ ಬೆಂಕಿ, ಹರಸುವ ಹಿರಿಯರು. ಪ್ರತಿ ಮನೆಯಲ್ಲೂ ಒಬ್ಬ ಮುದುಕಿಯನ್ನು ನಿಶ್ಚಿಂತೆಯಿಂದ ನಿದ್ದೆ ಮಾಡಿಸುತ್ತಿದ್ದೆ. ಜಾಂಬೋಟಿಯ ಗಂಗಾಕಾಕೂ ಎಂಬವರ ಮನೆಯ ಬಗ್ಗೆಯಂತೂ, ‘ಅವರ ಮಾಡು ಆಕಾಶದಷ್ಟು ಅಖಂಡವಾಗಿದೆ’ ಎಂದು ಬರೆದು ನಾನೇ ನನ್ನ ಬೆನ್ನು ತಟ್ಟಿಕೊಂಡೆ, ಇನ್ನೊಂದು ಚಾ ತರಿಸಿದೆ.

ಶನಿವಾರ ಸಂಜೆ ಕೆಲಸ ಬಿಡುವ ಮೊದಲು ಸಾವಕಾರರು ಕ್ಯಾಂಪಿನಿಂದ ಖಾನಾಪುರಕ್ಕೆ ಬಂದು, ಶೆಡ್ಡಿನಲ್ಲಿ ಎಲ್ಲರನ್ನೂ ಕೂರಿಸಿ ವಾರದ ವಿಷಯ ಮಾತಾಡುತ್ತಿದ್ದರು. ಒಂದು ಶನಿವಾರ ನನ್ನ ವರದಿಗಳನ್ನು ಕೈಯಲ್ಲಿ ಹಿಡಿದುಕೊಂಡೇ ಬಂದರು. ಸಿಕ್ಕಿಬಿದ್ದೆ ಅಂದುಕೊಂಡು ಚಪ್ಪಲಿ ಎಲ್ಲಿದೆ ಅಂತ ಕಣ್ಣಲ್ಲೇ ಹುಡುಕಿದೆ. ಅವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. ಮುದುಕಿ ನಿದ್ದೆ ಮಾಡುವ ಸಾಲನ್ನು ಎರಡು ಸಲ ಓದಿದರು. “ನೋಡ್ರಿ, ಕೆಲಸ ಅಂದ್ರ ಹಿಂಗ ಇರಬೇಕು. ನಮ್ಮ ತಂದಿಯವರು ಇದ್ದಿದ್ರ ಈ ಹುಡುಗನ್ನ ಅಪ್ಪಿಕೊಂತಿದ್ರು” ಅಂದರು. ಮಣ್ಣು ತುಳಿಯುವವರಿಂದ ಹಿಡಿದು ಗಾಡಿಯವರವರೆಗೆ ಎಲ್ಲರೂ ನನ್ನತ್ತ ತಿರುಗಿ ನೋಡಿದರು. ನಾನು ನಾಚಿ ತಲೆ ತಗ್ಗಿಸಿದೆ. ಅದನ್ನು ಅವರು ವಿನಯ ಅಂದುಕೊಂಡರು. ಅವತ್ತಿನಿಂದ ಪ್ರತಿ ಶನಿವಾರ ಪ್ರಾಮಾಣಿಕತೆಯ ಪಾಠಕ್ಕೆ ನನ್ನ ಸುಳ್ಳೇ ಪಠ್ಯಪುಸ್ತಕ.

ಇದನ್ನೆಲ್ಲ ಮೂಲೆಯಲ್ಲಿ ನಿಂತು ಇನ್ನೊಬ್ಬರು ಕೇಳುತ್ತಿದ್ದರು. ಸಾವಕಾರರ ಅಳಿಯ ಪ್ರಕಾಶಣ್ಣ. ಪುಣೆಯಲ್ಲಿ ಓದಿ ಬಂದವರು, ಕ್ಯಾಂಪಿನ ಆಫೀಸು ಅವರದೇ ಕೈಯಲ್ಲಿ. ಕೆಟ್ಟ ಮನುಷ್ಯರಲ್ಲ. ಅವರಿಗೆ ಯಾವುದನ್ನು ನೋಡಿದರೂ ಇದು ಯಾಕೆ ಬೇಕು ಅನ್ನಿಸುತ್ತಿತ್ತು, ಅಷ್ಟೇ. ಶ್ರಾವಣ ಹತ್ತಿರ ಬಂದಾಗ ಒಂದು ಶನಿವಾರ ಅವರು ಮಾವನ ಮುಂದೆ ನನ್ನ ವರದಿಗಳ ಕಟ್ಟು ಇಟ್ಟು, “ಮಾವಾರ, ಒಂದ ಮನೀನೂ ಸೋರಿಲ್ಲ. ಈ ವರ್ಷ ಸೋರಿಲ್ಲ, ಹ್ವಾದ ವರ್ಷ ಸೋರಿಲ್ಲ. ಸೋರದ ಮಾಡಿನ ಕೆಳಗ ಒಬ್ಬ ಮನಷ್ಯಾ ಯಾಕ ಕುಂದ್ರಬೇಕು? ಬರೂ ವರ್ಷಿಂದ ಒಂದು ಚೀಟಿ ಕೊಡೂಣು. ಸೋರಿದ್ರ ಬರದು ಕಳಸ್ತಾರ” ಅಂದರು.

ಸಾವಕಾರರು ಕಟ್ಟಿನ ಕಾಗದಗಳನ್ನು ಒಂದೊಂದಾಗಿ ತಿರುವಿದರು. “ಬರೂ ಶನಿವಾರ ಹೇಳ್ತೀನಿ” ಅಂದರು. ಅವರ ದನಿಯಲ್ಲಿ ಒಪ್ಪಿಗೆ ಆಗಲೇ ಅರ್ಧ ಬಂದಿತ್ತು. ನನಗೆ ಒಳಗೊಳಗೇ ಖುಷಿಯಾಯಿತು. ಪದ್ಧತಿಯೇ ಹೋದರೆ ನನ್ನ ಸುಳ್ಳೂ ಅದರ ಜೊತೆ ಸತ್ತು ಹೋಗುತ್ತದೆ, ಯಾರೂ ಅಗೆದು ನೋಡುವುದಿಲ್ಲ.

ಮರುದಿನ ಮಧ್ಯಾಹ್ನ ದಸ್ತಗೀರ ಮಾಮಾ ನನ್ನನ್ನು ಹಂಚಿನ ಸಾಲುಗಳ ಹಿಂದೆ ಕರೆದರು. ಒಂದು ಬೋರಲು ಬುಟ್ಟಿಯ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತ, “ಮೊನ್ನೆ ಜಾಂಬೋಟಿಗೆ ಹೋಗಿದ್ನಿ. ತಂಗಿ ಮಗಳ ಮನಿಗೆ” ಅಂದರು.

“ಚೊಲೋ ಆತಲ್ಲ ಮಾಮಾ. ಮಳಿ ಹೆಂಗಿತ್ತು?”

“ನೀ ಬರದಂಗ ಇತ್ತು.” ಮೊಣಕಾಲಿನ ಮೇಲಿನ ಕೈ ತೆಗೆದು, “ಗಂಗಾಕಾಕೂನ ಮನೀ ಮುಂದ ಹಾದು ಬಂದ್ನಿ. ನಮ್ಮ ಹಂಚು ಅಂಗಳದಾಗ ಅಟ್ಟಿ ಹಚ್ಚಿದ್ದು ಹಚ್ಚಿದಂಗ ಅದಾವ. ಮ್ಯಾಲ ಹುಲ್ಲು ಬೆಳದೈತಿ. ಬಡಿಗ್ಯಾ ಬಿದ್ದು ಕಾಲು ಮುರಕೊಂಡಾನಂತ. ಮನೀಗೆ ಮಾಡ ಇಲ್ಲಲೇ” ಅಂದರು.

ನಾಲ್ಕು ಗೋಡೆಗಳ ಮೇಲೆ ಬರೀ ಆಕಾಶ. ಅಖಂಡವಾಗಿಯೇ ಇತ್ತು.

ನನ್ನ ಬಾಯಲ್ಲಿ ಯಾವಾಗಲೂ ಒಂದು ಜೋಕು ಕೈಕಾಲು ಮಡಚಿಕೊಂಡು ಕೂತಿರುತ್ತದೆ. ಅವತ್ತು ಅದೂ ಎದ್ದು ಹೋಗಿತ್ತು. “ಸಾವಕಾರ್ರಿಗೆ ಹೇಳ್ತೀರೇನು?” ಅಂದೆ.

“ನಾ ಯಾಕ ಹೇಳ್ಲಿ? ನೌಕರಿ ನಿಂದು, ಬಾಯಿ ನಿಂದು. ಎಷ್ಟು ಮನಿಗೆ ಹೋಗಿಲ್ಲ?”

“ಹನ್ನೊಂದು.”

ಮಾಮಾ ಬೈಯುತ್ತಾರೆ ಅಂತ ಕಾದೆ. ಅವರು ಬೈಯಲಿಲ್ಲ. ಬಹಳ ದಣಿದವರ ಹಾಗೆ ಕೂತಿದ್ದರು. “ಮೊದಲ ಇಬ್ಬರು ಹೋಗ್ತಿದ್ವಿ. ಒಬ್ಬಾಂವ ತೂಕಡಿಸಿದ್ರ ಇನ್ನೊಬ್ಬಾಂವ ತಿವೀತಿದ್ದ. ಈ ಸಾವಕಾರ್ರ ತಂದಿ, ದೊಡ್ಡ ಸಾವಕಾರ್ರು, ಮಂದಿ ಕೆಟ್ಟವರು ಅಂತ ಇಬ್ಬರನ್ನ ಕಳಸ್ತಿರಲಿಲ್ಲ. ಮಂದಿಗೆ ಬ್ಯಾಸರ ಆಗ್ತೈತಿ ಅಂತ ಅವರಿಗೆ ಗೊತ್ತಿತ್ತು. ಹ್ವಾದ ವರ್ಷ ಪ್ರಕಾಶಣ್ಣ ಒಬ್ಬಾಂವ ಸಾಕು ಅಂದ್ರು. ನಾನೂ ಹೂಂ ಅಂದ್ನಿ. ನಂದೂ ತಪ್ಪೈತಿ.” ಆಮೇಲೆ ನನ್ನ ಮುಖ ನೋಡಿದರು. “ಆದ್ರ ಒಂದು ಹೇಳು. ನೀ ಬಂದು ‘ಒಂದೂ ಸೋರಿಲ್ಲ ಮಾಮಾ’ ಅಂದಾಗ ನಾ ಅದನ್ನ ನಂಬೀನಿ. ಕಿವಿ ನೆಟ್ಟಗ ಅದಾವ ಅಂತ ತಿಳದು ಆಮ್ಯಾಲ ಎರಡು ಭಟ್ಟಿ ಮಾಲು ಪಾಸ್ ಮಾಡೀನಿ. ಅಲ್ಲಿ ನೋಡು, ಗಾಡೀಗೆ ಏರಾಕ ತಯಾರ ಅದಾವ. ನನ್ನ ಕಿವಿ ಅದಾವೋ ಹೋಗ್ಯಾವೋ? ಇಷ್ಟ ನನಗ ಬೇಕಾಗಿದ್ದು.”

ಅದರ ಉತ್ತರ ಹನ್ನೊಂದು ಮನೆಗಳ ಮಾಡಿನ ಕೆಳಗೆ ಇತ್ತು.

ಸೋಮವಾರದಿಂದ ಶುರು ಮಾಡಿದೆ. ಹನ್ನೊಂದರಲ್ಲಿ ಆರೇ ಆದವು, ಆಮೇಲೆ ಬೆನ್ನು ಹಿಡಿಯಿತು ಅನ್ನುವುದು ನನ್ನ ಪಾಲಿಗೆ ದೊಡ್ಡ ಪರಾಕ್ರಮ. ಮೊದಲು ಗಂಗಾಕಾಕೂ. ಕೋಲು, ಸುಣ್ಣದ ಅರಿವೆ ಹಿಡಿದು ಅಂಗಳದಲ್ಲಿ ನಿಂತ ನನ್ನನ್ನು ಅವರು ಮೇಲಿಂದ ಕೆಳಗೆ ನೋಡಿ, “ಅರ ಬಾಬಾ, ಹೊದಸೂ ಮೊದಲ ಸೋರೂದು ನೋಡಾಕ ಬಂದೀಯೇನು? ಖಾನಾಪುರದಾಗ ಎಲ್ಲಾರೂ ಹಿಂಗ ಶಾಣ್ಯಾರೇನು?” ಅಂದರು. ಅಣ್ಣನ ಮನೆಯ ಪಡಸಾಲೆಯಲ್ಲಿ ಎರಡು ತಿಂಗಳಿನಿಂದ ಇದ್ದರು. ನಾನು ಬರೆದದ್ದನ್ನು ಹೇಳಿದೆ. ಅವರು ನಕ್ಕರು, ಸಿಟ್ಟಾದರು, ಮತ್ತೆ ನಕ್ಕರು. “ನಿದ್ದಿ ಮಾಡಾಕತ್ತಿದ್ನಿ ಅಂತ ಬರದ್ಯಾ? ಕುಠೇ? ಎಲ್ಲಿ? ಗ್ವಾಡಿ ಮ್ಯಾಲೇನು?”

ಹಲಸಿಯ ಪುಂಡಲೀಕನ ಮನೆಗೆ ಹೋದದ್ದು ಬುಧವಾರ. ಹಳೇ ಗುಡಿಗಳ ಹಿಂದಿನ ಓಣಿ. ಮಳೆ ಜೋರಾಗಿತ್ತು. ನಾನು ಬಾಗಿಲಲ್ಲಿ ಕಂಬಳಿ ಝಾಡಿಸುವಷ್ಟರಲ್ಲೇ ಒಳಗಿನಿಂದ ಸಪ್ಪಳ ಕೇಳಿಸಿತು. ತಪೇಲಿ, ಬಕೀಟು, ಹರಿವಾಣ, ಗಡಿಗೆ. ಬೇರೆ ಬೇರೆ ದನಿಯಲ್ಲಿ ಹನಿ ಬೀಳುತ್ತಿದ್ದವು. ಮನೆಯ ಪಾತ್ರೆಯೆಲ್ಲ ನೆಲದ ಮೇಲಿತ್ತು.

“ಬರ್ರಿ ಬರ್ರಿ, ಕಾರ್ಖಾನೇದವರು ಬಂದ್ರು!” ಅಂತ ಪುಂಡಲೀಕ ಒಳಗೆ ಕೂಗಿ ಹೇಳಿದ. ನನ್ನ ವಯಸ್ಸಿನವನೇ ಇರಬೇಕು. ಮುಖದಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ. “ಜೂನದಾಗ ಬರ್ತೀರಿ ಅಂತ ದಾರಿ ಕಾಯ್ದ್ವಿ. ಕೆಲಸ ಭಾಳ ಇರಬೇಕು ಪಾಪ, ಒಬ್ಬರ ಅಡ್ಡಾಡೂದಂದ್ರ” ಅಂದ.

“ಒಂದು ಮಾತು ಹೇಳಿ ಕಳಸಬೇಕಿಲ್ರೀ?” ಅಂದೆ.

“ಯಾಕ ಹೇಳಿ ಕಳಸೂದ್ರೀ? ನೀವು ಬಂದ ಬರ್ತೀರಲ್ಲಾ? ನಮ್ಮಪ್ಪ ಇದ್ದಾಗ ದನದ ಕೊಟಗಿಗೆ ಹಂಚು ತಂದಿದ್ವಿ. ಆವಾಗೂ ನಿಮ್ಮವರ ಬಂದು ಕುಂತು ನೋಡಿ ಹೋಗಿದ್ರು.”

ಅವನು ಸೋರುವ ಹಂಚುಗಳ ಕೆಳಗಿನ ಪಟ್ಟಿಗೆ ಕೆಂಪು ಅರಿವೆಯ ತುಂಡು ಕಟ್ಟಿಟ್ಟಿದ್ದ. ನನಗೆ ಹುಡುಕುವ ತ್ರಾಸ ಆಗಬಾರದು ಅಂತ. ಮೇಲೆ ನೋಡಿದರೆ ಮಾಡಿನ ತುಂಬ ಕೆಂಪು ಚಿಂದಿ. ಅವನ ತಾಯಿಯ ಹಾಸಿಗೆಯನ್ನು ಕೊಟ್ಟಿಗೆಗೆ ಸಾಗಿಸಿದ್ದರು; ಹಳೇ ಹಂಚಿನ ಕೊಟ್ಟಿಗೆ ಸೋರುತ್ತಿರಲಿಲ್ಲ. ಮುದುಕಿ ಎಮ್ಮೆಯ ಪಕ್ಕ ಕೂತು ಕೆಮ್ಮುತ್ತಿದ್ದಳು. ನನ್ನ ವರದಿಯಲ್ಲಿ ಅವಳನ್ನೂ ನಿಶ್ಚಿಂತೆಯಿಂದ ಮಲಗಿಸಿದ್ದೆ.

ನಾನು ಕೂತೆ. ನಾ ಬಂದಿರಲಿಲ್ಲ, ಬಂದೆ ಅಂತ ಬರೆದಿದ್ದೆ ಅಂತ ಪುಂಡಲೀಕನಿಗೆ ಹೇಳಿದೆ. ಅವನಿಗೆ ಅದು ಕೂಡಲೇ ತಿಳಿಯಲಿಲ್ಲ. ತಿಳಿದ ಮೇಲೆ ಒಂದು ತಪೇಲಿ ಎತ್ತಿಕೊಂಡು ಹೋಗಿ ಹೊರಗೆ ಚೆಲ್ಲಿ ಬಂದ. ಮತ್ತೆ ಅದೇ ಜಾಗದಲ್ಲಿ ಇಟ್ಟ. ಆಮೇಲೆ ನನ್ನನ್ನು ‘ನೀವು’ ಅನ್ನಲಿಲ್ಲ, ‘ನೀನು’ ಅಂತಲೂ ಅನ್ನಲಿಲ್ಲ. ಮಳೆ ನಿಲ್ಲುವವರೆಗೆ ಗುರುತು ಹಾಕಿದೆ. ಸೋರಿದ ಹಂಚೊಂದನ್ನು ಇಳಿಸಿಕೊಂಡು ಅರಿವೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಕಂಡಕ್ಟರ್ ಅದನ್ನು ಕೂಸು ಅಂದುಕೊಂಡು ನನಗೆ ಕೂರಲು ಜಾಗ ಮಾಡಿಕೊಟ್ಟಿದ್ದ.

ಶನಿವಾರ ಶೆಡ್ಡಿನಲ್ಲಿ ಸಾವಕಾರರು ನನ್ನ ಕಟ್ಟು ತೆಗೆಯುವ ಮೊದಲೇ ಎದ್ದು ನಿಂತೆ. ಅಷ್ಟು ಚಿಕ್ಕ ಭಾಷಣ ನಾನು ಜೀವನದಲ್ಲಿ ಮಾಡಿರಲಿಲ್ಲ. ಹನ್ನೊಂದು ಮನೆಗೆ ಹೋಗಿರಲಿಲ್ಲ. ಈ ವಾರ ಆರಕ್ಕೆ ಹೋದೆ. ನಾಲ್ಕು ನೆಟ್ಟಗಿವೆ, ಒಂದಕ್ಕೆ ಮಾಡೇ ಇಲ್ಲ, ಹಲಸಿಯ ಮನೆ ಪೂರಾ ಸೋರುತ್ತದೆ, ಮೇ ತಿಂಗಳ ಮಾಲು. ಯಾರೋ ಒಬ್ಬರು “ಮಾಡೇ ಇಲ್ಲ” ಅನ್ನುವಲ್ಲಿ ನಕ್ಕರು, ಉಳಿದವರು ನಗಲಿಲ್ಲ ಅಂತ ತಾವೂ ನಿಲ್ಲಿಸಿದರು.

ಸಾವಕಾರರು ಕನ್ನಡಕ ತೆಗೆದು ಒರೆಸಿದರು. ಅದೇ ಕನ್ನಡಕ ಏರಿಸಿ ಅವರು ಆ ವರದಿಗಳನ್ನು ಓದಿದ್ದರು.

“ನಿನ್ನ ಕೆಲಸದಿಂದ ತಗದ್ರ ನಿನಗ ಆರಾಮ ಆಗ್ತೈತಿ,” ಅಂದರು ಕೊನೆಗೆ. “ತಗಿಯಂಗಿಲ್ಲ. ಉಳದ ಐದೂ ಮನಿಗೆ ಹೋಗು. ಹಲಸೀಗೆ ಬೇರೆ ಹಂಚು ನಾಳೇನ ಹೋಗ್ಲಿ.” ಆಮೇಲೆ ಅಳಿಯನ ಕಡೆ ತಿರುಗಿ, “ಪ್ರಕಾಶ, ಮಳಿಗೆ ಕುಂದ್ರೂದು ಇರ್ತೈತಿ. ಇಬ್ಬರು ಹೋಗ್ಬೇಕು. ಈ ವರ್ಷ ಇವನ ಜೋಡಿ ನೀ ಹೋಗು” ಅಂದರು.

ಪ್ರಕಾಶಣ್ಣ ತಮ್ಮ ಬೂಟು ನೋಡಿಕೊಂಡರು. “ಹೂಂ ರೀ ಮಾವಾರ” ಅಂದರು.

ಅಲ್ಲಿಗೆ ಮುಗಿಯಿತು ಅಂತ ಎಲ್ಲರೂ ಏಳುತ್ತಿದ್ದರು. ಆಗ ದಸ್ತಗೀರ ಮಾಮಾ, “ಸೋರಿದ್ದೊಂದು ಹಂಚು ತಂದೀಯಂತಲ್ಲ, ಕೊಡು” ಅಂದರು.

ಕೊಟ್ಟೆ. ಅವರು ಅದನ್ನು ಬಲಗಿವಿಯ ಹತ್ತಿರ ಹಿಡಿದು ಗೆಣ್ಣಿನಿಂದ ಬಡಿದರು. ಡಬ್. ಶೆಡ್ಡಿನಲ್ಲಿದ್ದವರಿಗೆಲ್ಲ ಕೇಳಿಸಿತು. ಬಾಗಿಲ ಹತ್ತಿರ ನಿಂತ ಗಾಡಿಯವನಿಗೂ ಕೇಳಿಸಿತು. ಅವರು ಇನ್ನೊಮ್ಮೆ ಬಡಿದರು. ಡಬ್.

“ಚೊಲೋ ಐತಲ್ಲ,” ಅಂದರು ಮಾಮಾ. “ಕಂಚು ಬಡದಂಗ ಐತಿ. ಇದು ಹೆಂಗ ಸೋರ್ತು?”

ಮಾಮಾ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದರು. ಸಾವಕಾರರು ಬೇರೆ ಕಡೆ ನೋಡಿದರು. ಪ್ರಕಾಶಣ್ಣ ನೆಲ ನೋಡಿದರು. ಕೊನೆಗೆ ಅವರ ಕಣ್ಣು ನನ್ನ ಮೇಲೆ ಬಂದು ನಿಂತಿತು.

“ಶಿವ್ಯಾ, ನಿನಗ ಹೆಂಗ ಕೇಳಸ್ತು?”

ಆ ವರ್ಷ ಪೂರ್ತಿ ಅವರಿಗೆ ಒಳ್ಳೆಯ ಸುದ್ದಿಯನ್ನೇ ತಂದು ಕೊಟ್ಟಿದ್ದೆ. ಇನ್ನೊಂದು ಸಲ ಕೊಡುವುದು ಎಷ್ಟು ಸುಲಭವಾಗಿತ್ತು ಅಂದರೆ, ನಾಲಿಗೆ ಆಗಲೇ ಅದಕ್ಕೆ ತಯಾರಾಗಿತ್ತು.

“ಡಬ್ ಅಂತು ಮಾಮಾ.”

“ಎರಡೂ ಸಲ?”

“ಎರಡೂ ಸಲ.”

ಅವರು ಹಂಚನ್ನು ಮೆಲ್ಲಗೆ ನೆಲಕ್ಕೆ ಇಟ್ಟರು. ಮೊಣಕಾಲಿನ ಮೇಲೆ ಕೈಯೂರಿ ನೆಟ್ಟಗಾಗಿ ಹೊರಗೆ ನಡೆದರು. ನಾನೂ ಹಿಂದೆ ಹೋದೆ. ಅಂಗಳದಲ್ಲಿ ತಟ್ಟಿಯ ಕೆಳಗೆ, ಗಾಡಿಗೆ ಏರಲು ತಯಾರಾಗಿದ್ದ ಆ ಎರಡು ಭಟ್ಟಿಯ ಮಾಲು ಎದೆಯೆತ್ತರ ಸಾಲು ಸಾಲಾಗಿ ನಿಂತಿತ್ತು. ಎಲ್ಲವೂ ಪಾಸಾದದ್ದು. ನೋಡಿದರೇ ಬೆನ್ನು ನೋಯುವಷ್ಟಿತ್ತು.

ಮಾಮಾ ಮೊದಲ ಸಾಲಿನ ಮೇಲಿನ ಹಂಚು ಎತ್ತಿಕೊಂಡರು. ಅದನ್ನು ತಮ್ಮ ಕಿವಿಗೆ ಹಿಡಿಯಲಿಲ್ಲ. ನನ್ನ ಕಿವಿಯ ಹತ್ತಿರ ಹಿಡಿದರು.

“ಹೇಳು” ಅಂದರು, ಬಡಿದರು.